ನಮ್ಮ ಕಡೆ ಮಾತಿನ ಕೋರ್ಸು

ಪದವಿ ಮುಗಿದ ಮೇಲೆ ನಾನು ಮೂಡಲಗಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಕುಲಗೋಡದ ನಮ್ಮ ಮನೆಯಿಂದ ಬೆಳಗಿನ ಬಸ್ಸಿಗೆ ಹೊರಟರೆ ಅಂಗಡಿ ತೆರೆಯುವ ಹೊತ್ತಿಗೆ ಮುಟ್ಟುತ್ತಿದ್ದೆ. ಹುಟ್ಟುಹಬ್ಬ, ಮದುವೆ, ಪಂಚಾಯಿತಿ ಚುನಾವಣೆ, ಶ್ರದ್ಧಾಂಜಲಿ, ಎಲ್ಲಕ್ಕೂ ಬ್ಯಾನರು ಬೇಕು. ಜನ ಮೊಬೈಲಿನಲ್ಲಿ ಫೋಟೊ ಕಳಿಸುತ್ತಿದ್ದರು. ಹಿಂದಿನ ಗೋಡೆ, ಬಾಜೂ ನಿಂತವರ ಭುಜ ಎಲ್ಲವನ್ನೂ ಕತ್ತರಿಸಿ ತೆಗೆದು ಬೇಕಾದ ಮುಖವನ್ನಷ್ಟೇ ಉಳಿಸುವುದು ನನ್ನ ಕೆಲಸ. ಸತ್ತವರ ಫೋಟೊ ಬಹುತೇಕ ಯಾವುದೋ ಮದುವೆಯಲ್ಲಿ ತೆಗೆದದ್ದಾಗಿರುತ್ತಿತ್ತು. ಅವರು ನಗುತ್ತಿರುತ್ತಿದ್ದರು. ನಾನು ಅವರ ಹೆಗಲ ಮೇಲಿನ ಬಣ್ಣದ ಶಾಲು ಅಳಿಸಿ ಬಿಳಿ ಅಂಗಿ ತೊಡಿಸುತ್ತಿದ್ದೆ.

ಕೆಲಸ ಬೇಸರವಿರಲಿಲ್ಲ. ಆದರೆ ಅಲ್ಲಿಂದ ಮುಂದೆ ದಾರಿ ಇರಲಿಲ್ಲ. ಮಾಲಕರು ಒಳ್ಳೆಯವರು. ಪಗಾರ ಹೆಚ್ಚು ಮಾಡಿ ಎಂದರೆ ಅವರು ಅಂಗಡಿಯ ಬಾಡಿಗೆಯ ಮಾತು ತೆಗೆಯುತ್ತಿದ್ದರು, ನಾನು ಸುಮ್ಮನಾಗುತ್ತಿದ್ದೆ.

ಕೋರ್ಸಿನ ಮಾತು ಮೊದಲು ಎತ್ತಿದವಳು ನನ್ನ ಗೆಳತಿ. ಅವಳು ಹುಕ್ಕೇರಿಯವಳು. ಗೋಕಾಕದ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತು ಓದಿದ್ದೆವು. ಆಮೇಲೆ ಅವಳ ಮದುವೆ ಕಣಗಲಾಕ್ಕೆ ಆಯಿತು. ಅವಳ ಗಂಡ ಹೆದ್ದಾರಿಯ ದಡದಲ್ಲಿ ಲಾರಿ, ಟೆಂಪೊಗಳಿಗೆ ಸೀಟು ಹೊಲಿಯುತ್ತಿದ್ದ. ಕಡಿಮೆ ಮಾತಿನ ಮನುಷ್ಯ. ಹೆಂಡತಿ ಕಲಿತವಳು ಎಂಬ ಹೆಮ್ಮೆ ಅವನಿಗಿತ್ತು. ಮನೆಯ ಕಿರುಕುಳ ಅತ್ತೆಯದು. ಕಲಿತು ಏನು ತಂದಳು ಎಂದು ಆಕೆ ಬಂದವರ ಮುಂದೆಲ್ಲ ಕೇಳುತ್ತಿದ್ದಳಂತೆ.

"ಲೇ, ಮನ್ಯಾಗ ಕುಂತ ಕಲಿಯೂದಂತ. ಡಿಸೈನ್, ಕೋಡಿಂಗ್ ಎರಡೂ ಅದಾವ. ಮುಗದ ಮ್ಯಾಲ ನೌಕರಿ ಅವರ ಕೊಡಸ್ತಾರಂತ" ಎಂದಳು ಒಂದು ದಿನ ಫೋನಿನಲ್ಲಿ. "ನೀ ಕೋಡಿಂಗ್ ತಗೊ, ನಾ ಡಿಸೈನ್ ತಗೋತೀನಿ. ಕೂಡೇ ಮಾಡೂಣು."

ನಾನು ಫೋನಿನಲ್ಲಿ ಒಮ್ಮೆ ಹುಡುಕಿದ್ದೇ ತಪ್ಪಾಯಿತು, ಆಮೇಲೆ ಎಲ್ಲಿ ಬೆರಳಿಟ್ಟರೂ ಅಂಥದೇ ಜಾಹೀರಾತು. ನಗುವ ಹುಡುಗಿಯರು, ಮಡಿಲಲ್ಲಿ ಲ್ಯಾಪ್‌ಟಾಪು, ಕೆಳಗೆ ಪಗಾರದ ಅಂಕಿ. ನಾವಿಬ್ಬರೂ ದಿನವೂ ಫೋನಿನಲ್ಲಿ ಒಂದೊಂದನ್ನು ತೂಗಿ ನೋಡಿದೆವು. ಒಂದು ಕಂಪನಿಯವರು, ಫೀ ಈಗ ಬೇಡ, ನೌಕರಿ ಸಿಕ್ಕ ಮೇಲೆ ಕೊಡಿ ಎಂದರು. ಆದರೆ ನಮ್ಮದು ಇಂಜಿನಿಯರಿಂಗ್ ಅಲ್ಲ ಎಂದು ತಿಳಿದ ಕೂಡಲೇ ಫೋನ್ ಇಟ್ಟರು. ಇನ್ನೊಂದು ಬಹಳ ಅಗ್ಗ, ಬರೀ ರೆಕಾರ್ಡ್ ಮಾಡಿಟ್ಟ ವಿಡಿಯೊ. ನಮ್ಮ ಅಣ್ಣ ಅದನ್ನೇ ತಗೋ ಎಂದ. ಅಣ್ಣ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ನಡೆಸುತ್ತಾನೆ. "ವಿಡಿಯೊ ಅಂದ್ರ ಬೇಕಾದಾಗ ನೋಡಬಹುದಲ್ಲ" ಎಂಬುದು ಅವನ ಲೆಕ್ಕ. ನನಗೆ ಅದು ಬೇಡವಾಗಿತ್ತು. ತಿಳಿಯದಿದ್ದರೆ ವಿಡಿಯೊವನ್ನು ಕೇಳುವುದು ಹೇಗೆ?

ಮೂರನೆಯ ಕಂಪನಿಯಿಂದ ಮೊದಲು ಮಾತಾಡಿದವನು ಒಬ್ಬ ಹುಡುಗ, ಹಿಂದಿ ಇಂಗ್ಲಿಷು ಕಲಸಿ ಓಡಿಸಿದ. ನಾನು "ಯೆಸ್, ಯೆಸ್" ಎನ್ನುತ್ತ ಕುಳಿತಿದ್ದೆ. ನನಗೆ ತಿಳಿಯುತ್ತಿಲ್ಲ ಎಂದು ಅವನಿಗೆ ಗೊತ್ತಾಗಿರಬೇಕು. ಮರುದಿನ ಅದೇ ಕಂಪನಿಯ ಒಬ್ಬ ಹುಡುಗಿ ಬೇರೆ ನಂಬರಿನಿಂದ ಫೋನ್ ಮಾಡಿದಳು.

"ನಮಸ್ಕಾರ್ರಿ ಅಕ್ಕಾರ. ಊಟ ಆತೇನ್ರಿ?"

ನಾನು ಅಂಗಡಿಯ ಹೊರಗೆ ಬಂದು ನಿಂತೆ.

"ನಮ್ಮೂರು ಅರಭಾವಿ ಮಗ್ಗಲಕ್ಕರಿ. ನಿಮ್ಮ ಕುಲಗೋಡಕ್ಕ ನಮ್ಮ ಅತ್ತೀನ ಕೊಟ್ಟಾರ. ನೀವು ಏನೂ ಹೆದರಬ್ಯಾಡ್ರಿ, ಪಾಠ ಕನ್ನಡದಾಗ ಇರ್ತಾವ. ಲೈವ್ ಇರ್ತಾವ. ಸರ್‌ಗೆ ಬೇಕಾದಷ್ಟು ಸಲ ಕೇಳ್ರಿ, ಬೇಜಾರ ಮಾಡ್ಕೊಳ್ಳೂದಿಲ್ಲ."

ಅವಳು ಹೇಳಿದ್ದನ್ನೆಲ್ಲ ಹಿಂದಿನ ದಿನದ ಹುಡುಗನೂ ಹೇಳಿರಬಹುದು. ಆದರೆ ಇವಳು "ಐತ್ರಿ" ಎಂದಾಗ ನನಗೆ ಅದು ಇದೆ ಎನಿಸಿತು. ಗೆಳತಿಗೂ ಅವಳೇ ಫೋನ್ ಮಾಡಿದಳು. "ನಮ್ಮ ಹುಕ್ಕೇರಿ ಸಂತಿ ಬಗ್ಗೆ ಮಾತಾಡಿದಳ ಲೇ" ಎಂದು ಗೆಳತಿ ಖುಷಿಪಟ್ಟಳು. ಉಳಿದ ಕೋರ್ಸುಗಳನ್ನು ಅಷ್ಟು ದಿನ ಹೋಲಿಸಿ ನೋಡಿದ್ದ ನಾವು ಇದರ ಬಗ್ಗೆ ಯಾರನ್ನೂ ವಿಚಾರಿಸಲಿಲ್ಲ.

ದುಡ್ಡಿನ ಮಾತಿಗೆ ಬರಬೇಕು. ನಮ್ಮದು ಕುರಿಗಾರರ ಮನೆ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಸೋದರಮಾವ ಒಂದು ಹೆಣ್ಣು ಕುರಿಮರಿ ಕೊಟ್ಟಿದ್ದ. ಅದು ಈದದ್ದು, ಅದರ ಮರಿಗಳು ಈದದ್ದು, ಎಲ್ಲ ನನ್ನ ಪಾಲು. ಹಿಂಡಿನಲ್ಲಿ ಅವುಗಳ ಕಿವಿಯ ಗುರುತೇ ಬೇರೆ. ಮದುವೆಯಲ್ಲಿ ನನ್ನ ಜೊತೆ ಬರಬೇಕಾದವು ಅವು. ಅವ್ವ ಅವುಗಳನ್ನು ಹಾಗೆಯೇ ನೋಡಿಕೊಂಡು ಬಂದಿದ್ದಳು.

ಅಪ್ಪ ಆ ಹೊತ್ತಿಗೆ ಗೋಕಾಕದ ದಾರಿಯಲ್ಲಿ ಯಾರದೋ ಖಾಲಿ ಹೊಲದಲ್ಲಿ ಹಿಂಡು ನಿಲ್ಲಿಸಿದ್ದ. ಗೊಬ್ಬರಕ್ಕೆಂದು ರೈತರು ಕರೆದು ನಿಲ್ಲಿಸಿಕೊಳ್ಳುತ್ತಾರೆ, ಬದಲಿಗೆ ಕಾಳು ಕೊಡುತ್ತಾರೆ. ನಾನು ಬಸ್ ಇಳಿದು ಬದುವಿನ ಮೇಲೆ ನಡೆದು ಹೋದೆ. ಅಪ್ಪ ಕಂಬಳಿ ಹಾಸಿ ಕೂಡಿಸಿದ.

"ಯಾರು ಕಲಸ್ತಾರ?" ಎಂದ.

"ಆನ್‌ಲೈನ್ ಅಪ್ಪಾ. ಕಂಪ್ಯೂಟರದಾಗ ಬಂದು ಕಲಸ್ತಾರ."

"ನೀ ಅವರನ್ನ ನೋಡೀದಿ?"

"ಫೋನಿನ್ಯಾಗ ಮಾತಾಡೀನಿ. ಅರಭಾವಿ ಕಡೆ ಹುಡಿಗಿ."

ಅರಭಾವಿ ಎಂದದ್ದಕ್ಕೆ ಅಪ್ಪನ ಮುಖ ಸಡಿಲಾಯಿತು. ಒಂದಿಷ್ಟು ಹೊತ್ತು ಹಿಂಡಿನ ಕಡೆ ನೋಡಿದ. "ನಿನ್ನ ಕುರಿ, ನೀ ಹೇಳಿದಂಗ" ಎಂದ.

ಅಪ್ಪ ಹಿಂಡನ್ನು ಊರಿಗೆ ತಂದ ಮೇಲೆ ವ್ಯಾಪಾರಿಯ ಗಾಡಿ ಬಂತು, ಆ ದಿನ ಅವ್ವ ಮನೆಯಿಂದ ಹೊರಗೆ ಬರಲಿಲ್ಲ. ಅಪ್ಪ ಒಂದೊಂದನ್ನೇ ಕಾಲು ಹಿಡಿದೆತ್ತಿ ಗಾಡಿಗೆ ಹಾಕಿದ. ಆ ದುಡ್ಡಿನಲ್ಲಿ ಗೋಕಾಕದಲ್ಲಿ ಒಂದು ಹಳೆಯ ಲ್ಯಾಪ್‌ಟಾಪು ತಂದೆವು, ಕೋರ್ಸಿನ ಮುಂಗಡ ಕಟ್ಟಿದೆವು. ಉಳಿದದ್ದಕ್ಕೆ ಕಂತು ಮಾಡಿಕೊಡುತ್ತೇವೆ ಎಂದು ಅರಭಾವಿಯ ಹುಡುಗಿ ಹೇಳಿದ್ದಳು. ಆ ಕಂತು ಕಾಲೇಜಿನ ಫೀ ಇದ್ದಂತೆ ಎಂದು ನಾನು ತಿಳಿದಿದ್ದೆ. ಅದು ಒಂದು ಫೈನಾನ್ಸ್ ಕಂಪನಿಯ ಸಾಲವಾಗಿತ್ತು, ಅದಕ್ಕೆ ಅಣ್ಣನ ಖಾತೆ ಬೇಕಾಗಿತ್ತು. ಅಣ್ಣ ಕಬ್ಬಿನ ಟ್ರೇಲರ್ ಜೊತೆ ಕಾರ್ಖಾನೆಯ ಮುಂದೆ ಪಾಳಿಯ ಸಾಲಿನಲ್ಲಿ ನಿಂತಿದ್ದಾಗ ಅವನ ಮೊಬೈಲಿಗೆ ಬಂದ ಒಟಿಪಿ ನಂಬರನ್ನು ನನಗೆ ಓದಿ ಹೇಳಿದ. ಸುತ್ತ ಎಂಜಿನ್ನುಗಳ ಸದ್ದು. ನಾನು ಮತ್ತೊಮ್ಮೆ ಹೇಳು ಎಂದೆ, ಅವನು ಮತ್ತೊಮ್ಮೆ ಕೂಗಿ ಹೇಳಿದ. ಸಹಿ ಆದದ್ದು ಹಾಗೆ.

ಮೊದಲ ತಿಂಗಳುಗಳು ಚೆನ್ನಾಗಿದ್ದವು ಎಂಬುದನ್ನು ನಾನು ಹೇಳಲೇಬೇಕು. ಮೇಷ್ಟ್ರು ಮೈಸೂರು ಕಡೆಯ ಕನ್ನಡ ಆಡುತ್ತಿದ್ದರು. ಯಾವ ಪ್ರಶ್ನೆಗೂ ನಗುತ್ತಿರಲಿಲ್ಲ. ಅಂಗಡಿಯಿಂದ ಬಂದು ಕೈಕಾಲು ತೊಳೆದು ಮಾಳಿಗೆ ಹತ್ತುತ್ತಿದ್ದೆ, ಅಲ್ಲಿ ಮಾತ್ರ ಸಿಗ್ನಲ್ ನಿಲ್ಲುತ್ತಿತ್ತು. ನಾನು ಬರೆದ ಸಾಲುಗಳಿಂದ ಪರದೆಯ ಮೇಲೆ ಒಂದು ನೀಲಿ ಚೌಕ ಮೂಡಿ, ಬೆರಳು ಒತ್ತಿದರೆ ಹಸಿರಾದ ದಿನ ಅವ್ವನನ್ನು ಮೇಲೆ ಕರೆದು ತೋರಿಸಿದೆ. "ಛಲೋ ಐತಿ. ಇದು ಏನು?" ಎಂದಳು ಅವ್ವ. ನನಗೆ ಹೇಳಲು ಬರಲಿಲ್ಲ, ಇಬ್ಬರೂ ನಕ್ಕೆವು. ಅತ್ತ ಗೆಳತಿ ಗಂಡನ ಸೀಟಿನ ಅಂಗಡಿಗೆ ಒಂದು ಬೋರ್ಡು ರಚಿಸಿದಳು. ಅದನ್ನು ನಮ್ಮ ಅಂಗಡಿಯಲ್ಲೇ ಅಚ್ಚು ಹಾಕಿಸಿ ಹುಕ್ಕೇರಿಯ ಬಸ್ಸಿಗೆ ಕೊಟ್ಟು ಕಳಿಸಿದೆ. ನಮ್ಮ ಮಾಲಕರು ಅದನ್ನು ನೋಡಿ, "ಯಾರ ಮಾಡ್ಯಾರಿದನ್ನ? ಭಾಳ ಚೊಕ್ಕ ಐತೆಲಾ" ಎಂದಿದ್ದರು. ಆ ಮಾತು ಗೆಳತಿಗೆ ಎಷ್ಟು ಸಲ ಹೇಳಿದರೂ ಸಾಲುತ್ತಿರಲಿಲ್ಲ.

ಆಮೇಲೆ ಒಂದು ಸಂಜೆ ಮೇಷ್ಟ್ರು ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬೇರೆಯವರು ಬಂದರು, ಇಂಗ್ಲಿಷಿನಲ್ಲಿ ಪಾಠ ಮಾಡಿ ಪ್ರಶ್ನೆಗೆ ಸಮಯವಿಲ್ಲ ಎಂದರು. ವಾರದೊಳಗೆ ಅವರೂ ಹೋದರು. ಲೈವ್ ಪಾಠದ ಜಾಗದಲ್ಲಿ ವಿಡಿಯೊಗಳ ಸಾಲು ಬಂತು, ಅದೂ ಹಿಂದಿಯಲ್ಲಿ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೇಳತೊಡಗಿದೆವು. ಒಂದು ಬೆಳಗ್ಗೆ ಗುಂಪಿನಲ್ಲಿ ಬರೆಯಲು ಹೋದರೆ ಅಡ್ಮಿನ್ ಮಾತ್ರ ಬರೆಯಬಹುದು ಎಂದು ಬಂತು. ನಮ್ಮ ಬಾಯಿ ಮುಚ್ಚಿಸಿದ್ದರು.

ಅರಭಾವಿಯ ಹುಡುಗಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಆದರೂ ನಾವಿಬ್ಬರೂ ವಿಡಿಯೊ ನೋಡಿ, ತಿಳಿದಷ್ಟು ತಿಳಿದು, ಕೊಟ್ಟ ಕೆಲಸವನ್ನೆಲ್ಲ ಮಾಡಿ ಕಳಿಸಿದೆವು. ಸರ್ಟಿಫಿಕೇಟು ಬಂತು. ಅದರ ಅಂಚಿನ ಬಳ್ಳಿಯ ಚಿತ್ತಾರ ನಮ್ಮ ಅಂಗಡಿಯಲ್ಲಿ ಸನ್ಮಾನ ಪತ್ರಕ್ಕೆ ನಾನು ಹಾಕುತ್ತಿದ್ದದ್ದೇ, ಬಣ್ಣ ಮಾತ್ರ ಬೇರೆ.

ಕೆಲಸಕ್ಕೆ ಅರ್ಜಿ ಹಾಕಿದೆ. ಹಾಕುತ್ತಲೇ ಇದ್ದೆ. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು ಪರೀಕ್ಷೆ ಇಟ್ಟರು, ಅದರಲ್ಲಿ ಕೇಳಿದ ಅರ್ಧಕ್ಕರ್ಧ ವಿಷಯಗಳ ಹೆಸರನ್ನೂ ನಾನು ಕೇಳಿರಲಿಲ್ಲ. ಇನ್ನೊಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, ಹೊಸಬರು ಮಾಡುವ ಇಂಥ ಕೆಲಸವನ್ನೆಲ್ಲ ಈಗ ಎಐ ಮಾಡಿಕೊಡುತ್ತದಮ್ಮ, ನಾವು ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ ಎಂದು ಕನ್ನಡದಲ್ಲೇ ಹೇಳಿದರು. ಅಷ್ಟು ಚೆನ್ನಾಗಿ ಹೇಳಿದ್ದಕ್ಕೆ ನಾನು ಥ್ಯಾಂಕ್ಸ್ ಎಂದೆ.

ಕಂತು ಮಾತ್ರ ಕೋರ್ಸು ನಿಂತ ಮೇಲೂ ಅಣ್ಣನ ಖಾತೆಯಿಂದ ಹೋಗುತ್ತಲೇ ಇತ್ತು. ಗೋಕಾಕದ ಬ್ಯಾಂಕಿಗೆ ಇಬ್ಬರೂ ಹೋದೆವು. ಮ್ಯಾನೇಜರರು ಅಣ್ಣನ ಪಾಸ್‌ಬುಕ್ಕು ನೋಡಿದರು, ನನ್ನನ್ನು ನೋಡಿದರು.

"ಕಲಸೂ ಕಂಪನಿ ಬ್ಯಾರೆ, ಸಾಲಾ ಕೊಟ್ಟ ಕಂಪನಿ ಬ್ಯಾರೆ ಐತಿ ತಂಗಿ. ಅವರು ಪಾಠ ಬಿಟ್ರು ಅಂತ ಇವರು ಬಿಡೂದಿಲ್ಲ. ನಿಲ್ಲಿಸಿದ್ರ ನಿಮ್ಮ ಅಣ್ಣನ ಹೆಸರು ಕೆಡತೈತಿ. ನಾಳೆ ಟ್ರ್ಯಾಕ್ಟರಕ್ಕ ಸಾಲಾ ಬೇಕಂದ್ರ ಹುಟ್ಟೂದಿಲ್ಲ."

"ದೂರು ಕೊಡಾಕ ಬರ್ತೈತೇನ್ರಿ?" ಎಂದೆ.

"ಕೊಡ್ರಿ. ಯಾರ ಮ್ಯಾಲ ಕೊಡ್ತೀರಿ? ಆಫೀಸ್ ಎಲ್ಲೈತಿ?"

ನಮಗೆ ಗೊತ್ತಿದ್ದದ್ದು ಒಂದು ಮಿಂಚಂಚೆ ವಿಳಾಸ ಮಾತ್ರ. ಅದಕ್ಕೆ ದೂರು ಬರೆದೆ. ನಿಮ್ಮ ಮಾತು ನಮಗೆ ಮುಖ್ಯ ಎಂದು ಯಂತ್ರದ ಉತ್ತರ ಬಂತು. ಹೊರಗೆ ಬಂದ ಮೇಲೆ ಅಣ್ಣ ನನಗೆ ಕಬ್ಬಿನ ಹಾಲು ಕುಡಿಸಿದ, ತಾನು ಕುಡಿಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ.

ಕೆಲವು ವಾರಗಳ ನಂತರ ಅರಭಾವಿಯ ಹುಡುಗಿಯೇ ಫೋನ್ ಮಾಡಿದಳು. ಅದೇ ದನಿ.

"ಅಕ್ಕಾರ, ನಿಮಗೊಂದು ಪ್ಲೇಸ್‌ಮೆಂಟ್ ಬಂದೈತ್ರಿ."

ನಾನು ಬರೆದುಕೊಳ್ಳಲು ಪೆನ್ನು ಹುಡುಕಿದೆ. "ಯಾವ ಕಂಪನಿರಿ?"

"ನಮ್ಮದರಿ."

"ಏನು ಕೆಲಸ?"

"ನಾ ಮಾಡೂದ ಕೆಲಸರಿ. ಫೋನ್ ಮಾಡಿ ಮಂದೀಗೆ ತಿಳಿಸಿ ಹೇಳೂದು. ನಮ್ಮ ಕಡೆ ಮಾತು ಬರೂವಂಥವರು ಬೇಕಾಗ್ಯಾರ. ಮನ್ಯಾಗ ಕುಂತ ಮಾಡಬಹುದು."

ಸಿಟ್ಟಿನಲ್ಲಿ ಏನೇನೋ ಅನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು ಒಂದೇ ಮಾತು. "ನೀವು ಈ ಕೆಲಸಕ್ಕ ಹ್ಯಾಂಗ ಬಂದ್ರಿ?"

ಅವಳ ಹಿಂದೆ ಕುಕ್ಕರ್ ಕೂಗಿತು. ಅವಳೂ ಮನೆಯಿಂದಲೇ ಮಾತಾಡುತ್ತಿದ್ದಾಳೆ ಎಂದು ನನಗೆ ತಿಳಿದದ್ದು ಆವಾಗ. ಅಷ್ಟು ದಿನ ನಾನು ಗಾಜಿನ ಗೋಡೆಯ ದೊಡ್ಡ ಆಫೀಸಿನಲ್ಲಿ ಅವಳನ್ನು ಕೂಡಿಸಿದ್ದೆ.

"ನಾನೂ ಕೋರ್ಸ್ ಮಾಡೀನ್ರಿ ಅಕ್ಕಾ. ನಿಮಗಿಂತ ಮೊದಲಿನ ಬ್ಯಾಚು. ನನಗೂ ಇದನ್ನ ಪ್ಲೇಸ್‌ಮೆಂಟ್ ಅಂತ ಕೊಟ್ರು."

"ಮತ್ತ ನಮಗ ಯಾಕ ಹೇಳಲಿಲ್ರಿ?"

"ನನ್ನ ಕಂತೂ ಇನ್ನಾ ನಡದಾವರಿ" ಎಂದಳು.

ನಾನು ಬೇಡ ಎಂದೆ. ಅವಳು ಒತ್ತಾಯ ಮಾಡಲಿಲ್ಲ. "ಆತ್ರಿ ಅಕ್ಕಾರ" ಎಂದು ಫೋನ್ ಇಟ್ಟಳು. ಕೂಡಲೇ ಗೆಳತಿಗೆ ಹಚ್ಚಿದೆ, ಇಬ್ಬರೂ ಕೂಡಿ ಅವಳನ್ನು ಬೈಯಬಹುದು ಎಂದು.

"ನನಗೂ ಬಂದಿತ್ತ ಫೋನು" ಎಂದಳು ಗೆಳತಿ. "ನಾ ಹೂಂ ಅಂದೀನಿ ಲೇ."

ತಿಂಗಳ ಮೇಲೆ ಒಂದು ರಜೆಯ ದಿನ ಹುಕ್ಕೇರಿಯಲ್ಲಿ ಬಸ್ ಬದಲಿಸಿ ಕಣಗಲಾಕ್ಕೆ ಹೋದೆ. ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ, ಅರ್ಧ ಹೊಲಿದ ಲಾರಿ ಸೀಟಿನ ಮೇಲೆ ಕಾಲು ಮಡಚಿ ಕುಳಿತು ಫೋನಿನಲ್ಲಿ ಮಾತಾಡುತ್ತಿದ್ದಳು. ನನ್ನನ್ನು ಕಂಡು ಕುಳಿತುಕೋ ಎಂದು ಕೈಸನ್ನೆ ಮಾಡಿದಳು. "ಹೌದ್ರಿ ತಂಗಿ, ಲೈವ್ ಇರ್ತಾವ. ಕನ್ನಡದಾಗ ಇರ್ತಾವ" ಎನ್ನುತ್ತಿದ್ದಳು. ಮಾತು ಮುಗಿಯುವವರೆಗೆ ನಾನು ಹೆದ್ದಾರಿಯ ಲಾರಿಗಳನ್ನು ನೋಡುತ್ತ ನಿಂತೆ.

"ಲೈವ್ ಅದಾವೇನು ಈಗ?" ಎಂದೆ.

"ಮತ್ತ ಚಾಲೂ ಮಾಡ್ಯಾರಂತ. ಹಂಗ ಹೇಳಂತ ಕೊಟ್ಟಾರ, ಹೇಳತೀನಿ." ನನ್ನ ಮುಖ ನೋಡಿ ದನಿ ಇಳಿಸಿದಳು. "ಎಲ್ಲಾರೂ ನಮ್ಮಂಗ ಆಗ್ತಾರೇನಲೇ? ಒಬ್ಬರಿಗರ ನೌಕರಿ ಹತ್ತೂದಿಲ್ಲೇನು?"

"ಹತ್ತಿದವರನ್ನ ಯಾರನರ ನೋಡೀದಿ?"

"ಇಲ್ಲ." ಅವಳು ರೆಕ್ಸಿನ್ನಿನಿಂದ ಹೊರಬಂದ ದಾರವನ್ನು ಬೆರಳಿಗೆ ಸುತ್ತುತ್ತ ಕುಳಿತಳು. "ಖರೆ ಹೇಳ್ತೀನಿ ಕೇಳು. ಪಗಾರ ಬಂದ ದಿನ ಅತ್ತಿ ತಾವ ಎದ್ದು ನನಗ ಚಾ ಮಾಡಿ ಕೊಟ್ರು. ಮದಿವಿ ಆದಾಗಿಂದ ಮೊದಲ ಸಲ."

ಅವಳ ಗಂಡ ಒಳಗೆ ಬಂದು, ಊಟ ಮಾಡಿಕೊಂಡು ಹೋಗಿ ಎಂದ. ಉಂಡೆವು. ಕಾಲೇಜಿನ ಮಾತು ತೆಗೆದೆವು, ನಡುನಡುವೆ ಅವಳ ಫೋನ್ ರಿಂಗಾಗುತ್ತಿತ್ತು. ಬಸ್ ಹತ್ತಿಸಲು ಅವಳು ಹೆದ್ದಾರಿಯವರೆಗೆ ಬಂದಳು. ಆಮೇಲೆ ನಮ್ಮ ಮಾತು ಕಡಿಮೆಯಾಯಿತು. ಜಗಳವೇನೂ ಆಗಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಅಪ್ಪನ ತಮ್ಮನಾದ ಕಾಕಾನ ಮಗಳು, ನನ್ನ ತಂಗಿ, ನಮ್ಮ ಮನೆಗೆ ಬಂದಳು. ಆಗಷ್ಟೇ ಪದವಿ ಮುಗಿಸಿದ್ದಳು. "ಅಕ್ಕಾ, ನಾನೂ ಕೋಡಿಂಗ್ ಕೋರ್ಸ್ ಸೇರಾಕತ್ತೇನಿ" ಎಂದಳು. ಕಂಪನಿಯ ಹೆಸರು ಹೊಸದು. ಯಾರು ಹೇಳಿದರು ಎಂದು ಕೇಳಿದೆ. "ಒಬ್ಬ ಅಕ್ಕ ಫೋನ್ ಮಾಡಿದ್ಲು. ಹುಕ್ಕೇರಿ ಕಡೆಯಾಕಿ. ಎಷ್ಟ ಛಂದ ಮಾತಾಡ್ತಾಳಂದ್ರ!" ನಂಬರು ನೋಡಿದೆ, ಕಂಪನಿಯ ನಂಬರು, ಗುರುತಿರಲಿಲ್ಲ. ಆದರೂ ಮಾತಾಡಿದವಳು ನನ್ನ ಗೆಳತಿಯೇ, ಹೆಸರು ಬದಲಿಸಿದ್ದು ಹಳೆಯ ಕಂಪನಿಯೇ ಎಂದು ತಿಳಿಯಿತು.

ನಾನು ಅಂದೇ ಕಾಕಾನ ಮನೆಗೆ ಹೋಗಿ ಎಲ್ಲ ಹೇಳಿದೆ. ಕುರಿ ಮಾರಿದ್ದು ಅವನಿಗೆ ಗೊತ್ತೇ ಇತ್ತು. ಪಾಠ ನಿಂತದ್ದು, ಬ್ಯಾಂಕಿನವರ ಮಾತು, ಕೊಟ್ಟ ನೌಕರಿ ಎಂಥದು, ಒಂದೂ ಬಿಡದೆ ಹೇಳಿದೆ. ಕಾಕಾ ಎಲೆ ಅಡಿಕೆ ಅಗಿಯುತ್ತ ಕೇಳಿದ.

"ನಿನಗ ಹತ್ತಲಿಲ್ಲ ಅಂದ್ರ ಆಕೀಗೂ ಹತ್ತಬಾರದೇನವ್ವಾ?" ಎಂದ. ದನಿಯಲ್ಲಿ ಕೊಂಕಿರಲಿಲ್ಲ. ನನ್ನ ಬಗ್ಗೆ ಕನಿಕರವಿತ್ತು. ಕಾಕಿ ಮಾತ್ರ ಒಳಗಿನಿಂದ, "ತಾ ಕಲತು ಮುಗಿಸ್ಯಾಳ, ಈಗ ಮಂದಿ ಕಲಿಯೂದು ಬ್ಯಾಡಾಗೇತಿ" ಎಂದಳು, ನನಗೆ ಕೇಳುವಷ್ಟು ಗಟ್ಟಿಯಾಗಿ.

ಆದರೂ ತಂಗಿ ಕೋರ್ಸಿಗೆ ಸೇರಿದಳು. ಸಂಜೆ ಅವಳ ಮನೆಯಲ್ಲಿ ಸಿಗ್ನಲ್ ನಿಲ್ಲದೆ ನಮ್ಮ ಮಾಳಿಗೆಗೇ ಬರತೊಡಗಿದಳು. ಮೊದಲ ದಿನ ನಾನು ಒಣಹಾಕಿದ ಬಟ್ಟೆ ತೆಗೆಯಲು ಮೇಲೆ ಹೋದೆ. ಪಾಠ ನಡೆದಿತ್ತು. ಮೈಸೂರು ಕಡೆಯ ಆ ಮೇಷ್ಟ್ರ ದನಿ! ಮರಳಿ ಬಂದರೇ ಎಂದು ಒಂದು ಕ್ಷಣ ಸಂತೋಷವಾಯಿತು. ಅಷ್ಟರಲ್ಲಿ ಒಂದು ಹೆಣ್ಣುದನಿ ನಡುವೆ ಬಾಯಿ ಹಾಕಿತು. "ಸರ್, ತಿಳೀತ್ರಿ! ಇನ್ನೊಂದು ಮಾಡಿ ತೋರಸ್ಲೇನ್ರಿ?"

"ಅಕ್ಕಾ, ಇದ್ಯಾರದು? ದನಿ ನಿನ್ನಂಗ ಐತೆಲಾ" ಎಂದಳು ತಂಗಿ.

"ನಂದ" ಎಂದೆ.

ಅವಳು ನಕ್ಕಳು. ನಾನು ನಗದಿದ್ದದ್ದು ಕಂಡು ಪರದೆಯ ಕಡೆ ತಿರುಗಿದಳು. ಪರದೆಯ ಮೂಲೆಯಲ್ಲಿ 'ಲೈವ್' ಎಂಬ ಕೆಂಪು ಅಕ್ಷರ ಮಿನುಗುತ್ತಿತ್ತು. ಅದರೊಳಗಿನ ನಾನು ಮತ್ತೊಂದು ಪ್ರಶ್ನೆ ಕೇಳಿದೆ, ಮೇಷ್ಟ್ರು ಶಾಬಾಸ್ ಎಂದರು. ಆ ಹುಡುಗಿಯ ಉತ್ಸಾಹ ಕೇಳಲಾಗದೆ ನಾನು ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಕೆಳಗಿಳಿದೆ.

ಲೈವ್ ಎಂದದ್ದು ನಮ್ಮ ಬ್ಯಾಚಿನ ಹಳೆಯ ರೆಕಾರ್ಡಿಂಗು ಎಂದು ತಿಳಿದು ಕಾಕಾ ಕಂಪನಿಗೆ ಫೋನ್ ಮಾಡಿ ದುಡ್ಡು ವಾಪಸ್ ಕೇಳಿದ. ಕೊಟ್ಟ ಮುಂಗಡ ವಾಪಸ್ ಇಲ್ಲ ಎಂದರು. ಗೆಳತಿಗೆ ಹೇಳಿದೆ. "ಅವು ಹಳೇ ಪಾಠ ಅಂತ ನನಗ ಗೊತ್ತಿರಲಿಲ್ಲ ಲೇ, ನಿನ್ನ ಆಣಿ" ಎಂದಳು, ಅತ್ತಳು. ನಾನು ನಂಬಿದೆ. ಮರುದಿನವೂ ಅವಳು ಕೆಲಸಕ್ಕೆ ಕುಳಿತಿರುತ್ತಾಳೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ವಿಡಿಯೊ ನೋಡುವುದನ್ನು ತಂಗಿ ಬಿಟ್ಟಳು, ಬರುವುದನ್ನು ಬಿಡಲಿಲ್ಲ. "ನೀನ ಹೇಳಿಕೊಡು" ಎಂದಳು. ಅಂಗಡಿಯಿಂದ ಬಂದ ಮೇಲೆ ಹೇಳಿಕೊಟ್ಟೆ. ಅವಳು ನನಗಿಂತ ಚುರುಕು, ನಾನು ವಾರ ಒದ್ದಾಡಿದ್ದನ್ನು ಒಂದು ಸಂಜೆಯಲ್ಲಿ ಹಿಡಿಯುತ್ತಿದ್ದಳು. ಹಾಗಾಗಿ ನನಗೆ ಬರುವುದೆಲ್ಲ ಬಹಳ ಬೇಗ ತೀರಿತು.

"ಮುಂದ?" ಎಂದಳು, ಪೆನ್ನು ಹಿಡಿದುಕೊಂಡು.

"ಮುಂದಿಂದು ನಮಗ ಕಲಿಸಿಲ್ಲ" ಎಂದೆ. ಅವಳು ಇನ್ನೂ ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ಕುಳಿತಿದ್ದಳು.